ಮುಂದಿನ ಆಯತ್ ಓದುವ ಮೊದಲು

ಆಲಿಕೋಯನಿಗೆ ಹೈದ್ರೋಸನ ಸಲಾಂ. ಅಲ್ಲಾಹನು ನಿನ್ನ ಮೊಣಕಾಲು ನೋವನ್ನೂ ನನ್ನ ಸಿಟ್ಟನ್ನೂ ಕಡಿಮೆ ಮಾಡಲಿ.

ನಿನ್ನೆ ಬೆಳಗಿನ ನಮಾಜಿನ ಬಳಿಕ ನೀನು ಕುರ್‌ಆನ್ ತೆರೆಯುತ್ತಿದ್ದಂತೆ ನಾನು ಮಸೀದಿಯ ಜಗಲಿಯಿಂದ ಎದ್ದು ಹೋದೆ. "ಹೈದ್ರೋಸಿಗೆ ರಾತ್ರಿಯ ಮೀನು ಒಗ್ಗಿಲ್ಲ" ಎಂದು ನೀನು ಹೇಳಿದ್ದು, ಎಲ್ಲರೂ ನಕ್ಕದ್ದು ಗೇಟಿನವರೆಗೂ ಕೇಳಿಸಿತು. ನನ್ನ ಹೊಟ್ಟೆ ಚೆನ್ನಾಗಿಯೇ ಇದೆ. ಒಗ್ಗದೇ ಹೋದದ್ದು ಬೇರೆ. ಎದುರು ಕೂತು ಹೇಳಿದರೆ ನೀನು ಮಾತು ಮರೆಸುತ್ತೀಯ, ನಾನು ಕೂಗಾಡುತ್ತೇನೆ. ಅದಕ್ಕೇ ಬರೆಯುತ್ತಿದ್ದೇನೆ.

ದಿನಕ್ಕೆ ಕುರ್‌ಆನಿನ ಒಂದೇ ಆಯತ್ ಓದೋಣ ಎಂದು ಹೊರಟವನು ನೀನು. ಅರಬ್ಬಿಯಲ್ಲಿ ಓದುವುದು, ಅರ್ಥ ಹೇಳುವುದು, ಆಮೇಲೆ ಒಬ್ಬೊಬ್ಬನೂ ಅದು ತನ್ನ ಬದುಕಿನಲ್ಲಿ ಎಲ್ಲಿ ತಾಗುತ್ತದೆಂದು ಒಂದು ಮಾತು ಹೇಳುವುದು. "ಆಯತ್ ಇರೋದು ನಮಗೆ. ಪಕ್ಕದಲ್ಲಿ ಕೂತವನಿಗಲ್ಲ" ಎಂದು ನಿಯಮ ಮಾಡಿದವನೂ ನೀನೇ. ಹನ್ನೆರಡು ವರ್ಷ ದಾಟಿತು. ಇಷ್ಟು ನಿಧಾನವಾಗಿ ಓದಿದ್ದರಿಂದಲೇ ಈ ಪೊನ್ನಾನಿಯ ಕೆಲವು ಮುದುಕರ ಈಮಾನು ಗಟ್ಟಿಯಾಯಿತು, ನನ್ನದೂ. ಲುಕ್ಮಾನ್ ಅಧ್ಯಾಯದಲ್ಲಿ "ದನಿ ತಗ್ಗಿಸು, ದನಿಗಳಲ್ಲಿ ಕೆಟ್ಟದ್ದು ಕತ್ತೆಯ ದನಿ" ಎಂಬ ಮಾತು ಬಂದ ದಿನ ಎಲ್ಲರೂ ಕೋಯಕುಟ್ಟಿಯ ಕಡೆ ತಿರುಗಿ ನಕ್ಕರು, ಅವನದು ಬಂದರಿನಲ್ಲಿ ಮೀನು ಹರಾಜು ಕೂಗುವ ಗಂಟಲು. ನೀನೊಬ್ಬ ನಗಲಿಲ್ಲ. ಎದ್ದು ಹೋಗಿ ಮಸೀದಿಯ ಧ್ವನಿವರ್ಧಕದ ಗುಂಡಿ ತಿರುಗಿಸಿ ಸದ್ದು ಕಡಿಮೆ ಮಾಡಿ ಬಂದೆ. ಆ ದಿನ ನಿನ್ನ ಮೇಲೆ ನನಗೆ ಹುಟ್ಟಿದ ಗೌರವ ಇನ್ನೂ ಪೂರ್ತಿ ಹೋಗಿಲ್ಲ. ಹೋಗಿದ್ದರೆ ಈ ಕಾಗದ ಬರೆಯುತ್ತಿರಲಿಲ್ಲ.

ಮೊನ್ನೆ ಹುಜುರಾತ್ ಅಧ್ಯಾಯದ ಹನ್ನೊಂದನೆಯ ಆಯತ್ ಬಂತು. ಒಬ್ಬರು ಇನ್ನೊಬ್ಬರನ್ನು ಗೇಲಿ ಮಾಡಬಾರದು, ಅವರು ಇವರಿಗಿಂತ ಉತ್ತಮರಿರಬಹುದು. ಪರಸ್ಪರ ಅಡ್ಡಹೆಸರು ಹಿಡಿದು ಕರೆಯಬೇಡಿ. ನೀನು ಅರ್ಥ ಹೇಳುವಾಗ ನಿನ್ನ ಕಣ್ಣು ತುಂಬಿತ್ತು. ಅದು ನಾಟಕವಲ್ಲ, ಬಲ್ಲೆ. ಕೋಯಕುಟ್ಟಿ "ಇನ್ನು ಸೊಸೇನ ರೇಡಿಯೋ ಅನ್ನಲ್ಲಪ್ಪ, ಅವಳು ಎಷ್ಟೇ ಮಾತಾಡ್ಲಿ" ಎಂದ. ಎಲ್ಲರೂ ಆಮೀನ್ ಅಂದೆವು.

ಕುರ್‌ಆನ್ ಇನ್ನೂ ನಿನ್ನ ಮುಂದೆ ಪೀಠದ ಮೇಲೆ ತೆರೆದೇ ಇತ್ತು. ತಾನೂರಿನಿಂದ ಬಂದ ಇಬ್ಬರು ಗೇಟಿನ ಬಳಿ ನಿಂತು, ಬಲೆ ಹೆಣೆಯುವ ಬೀರಾನ್ ಅವರ ಮನೆ ಎಲ್ಲಿ, ಅವರ ಮಗಳು ಮದರಸಾದಲ್ಲಿ ಪಾಠ ಹೇಳುತ್ತಾಳಂತೆ ಎಂದು ಕೇಳಿದರು. ಹುಡುಗನ ಕಡೆಯವರು ವಿಚಾರಿಸಲು ಬಂದಿದ್ದಾರೆಂದು ಅವರ ಇಸ್ತ್ರಿ ಮಾಡಿದ ಅಂಗಿಯೇ ಹೇಳುತ್ತಿತ್ತು. ನೀನು ಕೂತಲ್ಲಿಂದಲೇ ನಗುತ್ತಾ ಹೇಳಿದೆ: "ಓಹ್, ನಮ್ಮ ಕಳ್ಳ ಬೀರಾನಾ? ಹಾಗಂತಲೇ ಕೇಳಿ, ಚಿಕ್ಕ ಮಗುವೂ ಮನೆ ತೋರಿಸುತ್ತೆ!"

ಅವರಿಬ್ಬರೂ ಮುಖ ಮುಖ ನೋಡಿಕೊಂಡದ್ದನ್ನು ನೀನು ನೋಡಲಿಲ್ಲ. ನಾನು ನೋಡಿದೆ. ಬಸ್ ನಿಲ್ದಾಣದ ತನಕ ಅವರ ಹಿಂದೆ ಓಡಿದೆ. ಅದು ಬರೀ ತಮಾಷೆಯ ಹೆಸರು ಎಂದು ಏದುಸಿರು ಬಿಡುತ್ತಾ ಹೇಳಿದೆ. ಅವರಲ್ಲೊಬ್ಬ, ಹುಡುಗನ ಮಾವ, ಮರ್ಯಾದೆಯ ಮನುಷ್ಯ. "ಸ್ನೇಹಿತರು ಬಿಟ್ಟುಕೊಡ್ತಾರಾ ಇಕ್ಕಾ? ಆದರೆ ಹಾಜಿಯಾರ್ ಕುರ್‌ಆನ್ ಮುಂದಿಟ್ಕೊಂಡು ಹೇಳಿದರಲ್ಲ" ಎಂದು ಬಸ್ಸು ಹತ್ತಿದ. ಅತ್ತ ಬೀರಾನಿನ ಮನೆಯಲ್ಲಿ ಅಕ್ಕಿ ಪತ್ತಿರಿ, ಕೋಳಿ ಸಾರು ಮಾಡಿಕೊಂಡು ಮಧ್ಯಾಹ್ನದವರೆಗೂ ದಾರಿ ನೋಡಿದರು. ಅವನು ಆ ದಿನ ಜಗಲಿಗೆ ಬಾರದೆ ಇದ್ದದ್ದೇ ನೆಂಟರು ಬರುತ್ತಾರೆಂದು.

ನಾನು ವಾಪಸ್ ಬಂದು ರೇಗಿದಾಗ ನೀನು ಏನೆಂದೆ? "ಬೀರಾನೇ ನಗ್ತಾನೆ, ನಿನಗೇನು ಉರಿ? ಈ ಊರಲ್ಲಿ ಅಡ್ಡಹೆಸರು ಇಲ್ಲದವ ಯಾರಿದ್ದಾನೆ? ನಿನ್ನನ್ನೂ ಅರ್ಜಿ ಹೈದ್ರೋಸ್ ಅಂತಾರಲ್ಲ!" ಅನ್ನುತ್ತಾರೆ, ನಿಜ. ನಲ್ಲಿ, ಚರಂಡಿ, ಪಡಿತರ ಅಕ್ಕಿ ಎಂದು ಎಲ್ಲ ಕಚೇರಿಗೂ ಅರ್ಜಿ ಬರೆದವನು ನಾನು. ಅದು ಮಾಡಿದ ಕೆಲಸಕ್ಕೆ ಬಂದ ಹೆಸರು. ಬೀರಾನಿಗೆ ಬಂದದ್ದು ಮಾಡದ ಕೆಲಸಕ್ಕೆ.

ನಿನಗೆ ಮರೆತಿರಬಹುದು, ನನಗಿಲ್ಲ. ನಾವು ಮೂವರೂ ಮದರಸಾದ ಒಂದೇ ಚಾಪೆಯ ಮೇಲೆ ಕೂರುತ್ತಿದ್ದ ಕಾಲ. ನಮಾಜಿಗೆ ಮುಂಚೆ ಕೈಕಾಲು ತೊಳೆದು ವುಳೂ ಮಾಡುವ ಹಿತ್ತಾಳೆ ಗಿಂಡಿ ಕಾಣೆಯಾಯಿತು. ಅದರಲ್ಲಿ ಕೊನೆಯದಾಗಿ ಕೈಕಾಲು ತೊಳೆದವನು ಬೀರಾನ್, ಬಡವರ ಮನೆಯವನು ಬೇರೆ. ಉಸ್ತಾದರು ಹೊಡೆದರು, ಅವನ ಉಮ್ಮ ಮಸೀದಿಯ ಮೆಟ್ಟಿಲ ಬಳಿ ನಿಂತು ಅತ್ತರು. ಬೇಸಿಗೆಯಲ್ಲಿ ಮಸೀದಿಯ ಕೊಳದ ನೀರು ಖಾಲಿ ಮಾಡಿದಾಗ ಕೆಸರಿನಲ್ಲಿ ಗಿಂಡಿ ಸಿಕ್ಕಿತು. ಅದನ್ನು ಮೇಲಕ್ಕೆತ್ತಿ ತೊಳೆದವರಲ್ಲಿ ನೀನೂ ಇದ್ದೆ. ಗಿಂಡಿ ತನ್ನ ಜಾಗಕ್ಕೆ ಹೋಯಿತು. ಹೆಸರನ್ನು ಮಾತ್ರ ಯಾರೂ ವಾಪಸ್ ತೆಗೆದುಕೊಳ್ಳಲಿಲ್ಲ. ಉಸ್ತಾದರೂ ಇಲ್ಲ, ಜಮಾಅತ್ ಕಮಿಟಿಯೂ ಇಲ್ಲ. ದೊಡ್ಡವರ ಮನೆಯ ಹುಡುಗನಾಗಿದ್ದರೆ ಕ್ಷಮೆ ಕೇಳಿ ಹಲ್ವಾ ಹಂಚುತ್ತಿದ್ದರು.

ನಿನ್ನೆ ಸಂಜೆ ಬೀರಾನಿನ ಮನೆಗೆ ಹೋಗಿದ್ದೆ. ಬಲೆಯ ಕಣ್ಣಿಗೆ ಗಂಟು ಹಾಕುತ್ತಾ ತಲೆ ಎತ್ತದೆ ಹೇಳಿದ: "ಇಷ್ಟು ವರ್ಷ ನಾನೇ ನಕ್ಕೆನಲ್ಲ ಹೈದ್ರೋಸೇ, ಈಗ ಯಾವ ಬಾಯಲ್ಲಿ ಕೇಳಲಿ? ಅತ್ತಿದ್ದರೆ ನಿಜ ಅಂದ್ಕೊಳ್ತಿದ್ರು. ಅದಕ್ಕೇ ನಕ್ಕೆ." ಇನ್ನು ಜಗಲಿಯಲ್ಲಿ ಕೂರುವುದಿಲ್ಲವಂತೆ. ನಮಾಜು ಮಾಡಿ ಹೋಗುತ್ತಾನಂತೆ. ಮಗಳು ಬುಷ್ರಾ ಸುಲೈಮಾನಿ ಚಹಾ ತಂದಿಟ್ಟಳು. "ಹೈದ್ರೋಸ್‌ಕಾ, ಆಯತ್ ಓದೋದು ಮಾತ್ರ ನಿಲ್ಲಿಸಬೇಡಿ ಅಂತ ಅವರಿಗೆ ಹೇಳಿ. ಕಿವಿ ದಾಟಿ ಒಳಗೆ ಇಳಿಯೋಕೆ ಇನ್ನೂ ಹನ್ನೆರಡು ವರ್ಷ ಬೇಕಾಗಬಹುದು" ಎಂದಳು. ಆಮೇಲೆ ದನಿ ತಗ್ಗಿಸಿ, "ಗಂಡು ಹೋದರೆ ಹೋಗಲಿ. ಉಪ್ಪಾನ ಹೆಸರು ಉಪ್ಪಾಗೆ ಸಿಕ್ಕಿದರೆ ಸಾಕು" ಎಂದಳು.

ನೀನು ನಿನ್ನೆ ಓದಹೊರಟದ್ದು ಹನ್ನೆರಡನೆಯ ಆಯತ್. ಸಂಶಯ ಬೇಡ, ಬೆನ್ನ ಹಿಂದೆ ಆಡಬೇಡಿ, ಸತ್ತ ಸೋದರನ ಮಾಂಸ ತಿನ್ನಲು ನಿಮಗೆ ಇಷ್ಟವೇ ಎಂದು ಕೇಳುವ ಆಯತ್. ಹನ್ನೊಂದು ಕೈಯಲ್ಲಿ ಹಾಗೇ ಉಳಿದಿರುವಾಗ ಹನ್ನೆರಡಕ್ಕೆ ಹೇಗೆ ಹೋಗುತ್ತೀಯ? ಪ್ರವಾದಿಯವರ ಸಂಗಾತಿಗಳು ಹತ್ತು ಆಯತ್ ಕಲಿತರೆ, ಅದರಂತೆ ನಡೆಯುವುದನ್ನು ಕಲಿಯದೆ ಮುಂದಿನದಕ್ಕೆ ಹೋಗುತ್ತಿರಲಿಲ್ಲವಂತೆ. ಇದನ್ನೂ ಜಗಲಿಯಲ್ಲಿ ಹೇಳಿದವನು ನೀನೇ. ನಮಗೆ ಹತ್ತು ಬೇಡ, ಒಂದು ಸಾಕು. ಅರ್ಥ ಹೇಳುವಾಗ ಬರುವ ಕಣ್ಣೀರು ಒಳ್ಳೆಯದೇ. ಆದರೆ ಅದು ತಾನೂರಿನ ತನಕ ಹರಿಯುವುದಿಲ್ಲ. ಅಲ್ಲಿಗೆ ನೀನೇ ಹೋಗಬೇಕು.

ಆದ್ದರಿಂದ ನಾಳೆ ಹೊಸ ಆಯತ್ ತೆರೆಯಬೇಡ. ನಮಾಜು ಮುಗಿದೊಡನೆ ನಾನು ಗೇಟಿನಲ್ಲಿರುತ್ತೇನೆ. ಮೊದಲು ಬೀರಾನಿನ ಮನೆ. ಬೇಲಿಯ ಹೊರಗೆ ನಿಂತು ಸಲಾಂ ಹೇಳು, ಬರೀ "ಬೀರಾನ್" ಎಂದು ಕರೆ. ಒಳಗೆ ಕರೆದರೆ ಹೋಗೋಣ. "ವಾಪಸ್ ಹೋಗು" ಅಂದರೆ ವಾದ ಬೇಡ, ಹಾಜಿಯಾರ್‌ಗಿರಿ ಬೇಡ. ಮನೆಯವರು ಹಿಂತಿರುಗಿ ಎಂದರೆ ಹಿಂತಿರುಗಿ, ಅದೇ ನಿಮಗೆ ಹೆಚ್ಚು ಶುದ್ಧ ಎಂದು ನೂರ್ ಅಧ್ಯಾಯದಲ್ಲಿ ಓದಿದ್ದೇವೆ. ಹಿಂತಿರುಗೋಣ. ಹಿಂತಿರುಗಿ, ಹುಡುಗನ ಮನೆಯವರಿಗೆ ನೀನೇ ನಿಜ ಹೇಳಲು ತಾನೂರಿನ ಬಸ್ಸು ಹತ್ತೋಣ. ಬೀರಾನ್ ಕ್ಷಮಿಸಿದರೆ ಮಾತ್ರ ಹೋಗಬೇಕಾದ ಊರಲ್ಲ ಅದು.

ಅಲ್ಲಾಹನು ನಾಳೆ ನಿನ್ನ ಕಾಲಿಗೆ ಬಲವನ್ನೂ ನಾಲಿಗೆಗೆ ನಾಚಿಕೆಯನ್ನೂ ಕೊಡಲಿ. ನನಗೆ ಬಸ್ಸಿನಲ್ಲಿ ನಿನ್ನ ಪಕ್ಕ ಕೂತು ಸುಮ್ಮನಿರುವ ತಾಳ್ಮೆ ಕೊಡಲಿ.

ನಿನ್ನ ಚಾಪೆಯ ಪಕ್ಕದವನು,
ಹೈದ್ರೋಸ್