ಖಾಲಿ ಮಂಚದ ಪಕ್ಕದ ಚಾಪೆ

ಬೆಟ್ಟದ ಬಂಡೆಗಳೇ, ಆನೆಯ ಹಿಂಡುಗಳೇ, ಸೊಳ್ಳೆಯ ದಂಡುಗಳೇ, ಇವರೆಲ್ಲರ ಅಧ್ಯಕ್ಷತೆ ವಹಿಸಿರುವ ಶಿಬಿರದ ಮೇಡಂ ಅವರೇ,

ಕಾಯಿಲೆಯ ಮಕ್ಕಳಿಗೆ ಕಾಡು ತೋರಿಸುವ ನಿಮ್ಮ ಕೆಲಸ ದೊಡ್ಡದು. ಆದರೂ ಹೃದಯದ ತೊಂದರೆಯಿರುವ ನನ್ನ ಹದಿನಾರರ ಮಗಳನ್ನು ನಾಳೆಯೇ ಮನೆಗೆ ಕಳಿಸಿಕೊಡಿ. ಅಲ್ಲಿ ಚಳಿ, ಗಾಳಿ. ಇಲ್ಲಿ ನಾನೇ ಕಾವಲಾಳು.

ಹೊರಡುವಾಗ ಅವಳು, "ಅಪ್ಪಾ, ನೀನು ಬಂದ್ರೆ ಹುಲಿಗೂ ಮಾಸ್ಕ್ ಹಾಕಿಸ್ತೀಯ. ಮನೇಲೇ ಬಿದ್ದಿರು ಮಾರಾಯ," ಅಂದಳು.

ಬಿದ್ದಿದ್ದೇನೆ. ಅವಳ ಉಸಿರು ಕೇಳಿಸಲೆಂದು ಮಂಚದ ಪಕ್ಕದಲ್ಲೇ ಚಾಪೆ ಹಾಸಿ ಮಲಗುವುದು ನನ್ನ ರೂಢಿ. ನಿನ್ನೆ ಖಾಲಿ ಮಂಚದ ಪಕ್ಕದಲ್ಲೂ ಹಾಸಿದೆ. ಕಣ್ಣಿಗೆ ನಿದ್ದೆಯಿಲ್ಲ, ಗಂಟಲಿಗೆ ಮುದ್ದೆಯಿಳಿಯುವುದಿಲ್ಲ ಎಂದು ಬರೆಯಲು ಕೂತೆ.

ಸುಳ್ಳು, ಮೇಡಂ. ಎಷ್ಟೋ ವರ್ಷಗಳ ಮೇಲೆ ಬೆಳಗಿನವರೆಗೂ ಗೊರಕೆ ಹೊಡೆದೆ. ಆ ಸುಖಕ್ಕೆ ಹೆದರಿ ಅವಳನ್ನು ಕರೆಸಿಕೊಳ್ಳುತ್ತಿದ್ದೇನೆ. ದಯವಿಟ್ಟು ಕಳಿಸಬೇಡಿ.

ಇಂತಿ,
ಅವಳ ಅಪ್ಪ