ಕೇಳದೆ ಉಳಿದ ಕ್ಷಮೆ

ಬಸ್ತಿಹಳ್ಳಿ, ಹಳೇಬೀಡು
೯ ಸೆಪ್ಟೆಂಬರ್ ೨೦೨೫, ಮಂಗಳವಾರ

ಪ್ರೀತಿಯ ಅಕ್ಕ ಕಾಂಚನಮಾಲಾಗೆ ಮಹಿಮಾಳ ಜೈ ಜಿನೇಂದ್ರ.

ನೀನು ಅರಸೀಕೆರೆಯಿಂದ ಫೋನ್ ಮಾಡಿ ಕೇಳಿದ ಮಾತಿಗೆ ಉತ್ತರ ಕೊಡುವುದು ತಡವಾಯಿತು, ಬೈಯಬೇಡ. ಫೋನಿನಲ್ಲಾದರೆ ನಮ್ಮಿಬ್ಬರಿಗೂ ಐದು ನಿಮಿಷದಲ್ಲಿ ಜಗಳ ಹತ್ತಿಕೊಳ್ಳುತ್ತದೆ. ಕಾಗದದಲ್ಲಿ ನಾನು ಹೇಳಿ ಮುಗಿಸುವ ತನಕ ನೀನು ನಡುವೆ ಬಾಯಿ ಹಾಕುವ ಹಾಗಿಲ್ಲ, ಆ ಸುಖಕ್ಕೇ ಬರೆಯುತ್ತಿದ್ದೇನೆ. ನೀನು ಕಳಿಸಿದ ಕೊಬ್ಬರಿ ತಲುಪಿತು. ಭಾವನವರ ಮಂಡಿನೋವು ಕಡಿಮೆಯಾಗಿದೆಯೇ?

ತ್ರಿಶಲಾಳನ್ನು ಇನ್ನಾದರೂ ಶಾಲೆಗೆ ಕಳಿಸುತ್ತೀಯೋ ಇಲ್ಲವೋ ಎಂದು ನೀನು ಕೇಳಿದೆ. ಇಲ್ಲಿಯ ಹೆಡ್‌ಮಿಸ್ ನಿನ್ನ ಜೊತೆ ಟ್ರೈನಿಂಗ್ ಮಾಡಿದವರು, ದಸರಾ ರಜೆಗೆ ಮುಂಚೆ ಕರೆತಂದರೆ ಐದನೇ ಕ್ಲಾಸಿಗೆ ಸೇರಿಸಿಕೊಳ್ಳುತ್ತಾರೆ ಎಂದೂ ಹೇಳಿದೆ. ಎಲ್ಲ ಸರಿ. ಆದರೆ ಒಂದನೇ ಕ್ಲಾಸಿಗೆ ಹಾಕಿದ್ದ ಆ ಸ್ಕೂಲಿನಲ್ಲಿ, ನಿಧಾನವಾಗಿ ಬರೆಯುತ್ತಾಳೆಂದು ಮಗುವನ್ನು ಬಿಸಿಲಲ್ಲಿ ನಿಲ್ಲಿಸಿದ್ದು ನಿನಗೆ ಮರೆತಿರಬಹುದು. ಸ್ಕೂಲ್ ಬಸ್ಸಿನ ಹಾರ್ನ್ ಕೇಳಿದರೆ ನಿಂತಲ್ಲೇ ಒದ್ದೆ ಮಾಡಿಕೊಳ್ಳುತ್ತಿದ್ದ ಮಗುವಿನ ಬಟ್ಟೆ ಒಗೆದವಳು ನಾನು. ಬಿ.ಎಡ್. ಓದಿ ಮನೆಯಲ್ಲಿ ಕೂತಿದ್ದೀನಲ್ಲ, ನನ್ನ ಮಗಳಿಗೆ ನಾನೇ ಟೀಚರ್ ಎಂದು ಅವತ್ತೇ ಬಿಡಿಸಿದೆ. ಅಲ್ಲಿಂದೀಚೆಗೆ ಪಾಠದ ಹೆಸರಿನಲ್ಲಿ ಅವಳು ಅತ್ತದ್ದು ನಾನು ನೋಡಿಲ್ಲ.

ಇವರದೂ ನಿನ್ನದೇ ರಾಗ. ‘ಅವಳಿಗೆ ಓರಗೆಯವರು ಬೇಡ್ವೇನೇ? ನೀನೂ ನಾನೂ ಬಿಟ್ರೆ ಅವಳಿಗೆ ಮಾತಾಡಕ್ಕೆ ಯಾರಿದಾರೆ?’ ಅನ್ನುತ್ತಾರೆ. ಪಾತ್ರೆ ಅಂಗಡಿಯ ಬಾಗಿಲು ಹಾಕಿ ಬಂದ ಮೇಲೆ ಧರಣೇಶ್ ಸಾಹೇಬರಿಗೆ ಶಿಕ್ಷಣದ ಚಿಂತೆ. ನನಗೆ ಸಿಟ್ಟು ಬರುತ್ತದೆ, ಎರಡು ದಿನ ಮಾತು ಬಿಡುತ್ತೇನೆ. ಮನೆಯಲ್ಲಿ ಈಗ ಹೀಗೇ ನಡೆದಿದೆ, ನಿನ್ನಿಂದ ಮುಚ್ಚಿಡುವುದೇನು.

ಮನೆಯಲ್ಲಿ ಕೂತು ಅದೇನು ಕಲಿಯುತ್ತಾಳೆ ಎಂದು ಕೊಂಕು ತೆಗೆಯುತ್ತೀಯಲ್ಲ, ನಿನ್ನೆಯ ದಿನವನ್ನೇ ಹೇಳುತ್ತೇನೆ ಕೇಳು. ಬೆಳಿಗ್ಗೆ ಬಸದಿಗೆ ಹೋದಾಗ ಕಂಬದ ಸುತ್ತಳತೆಯನ್ನು ದಾರದಿಂದ ಅಳೆಯಲು ಹೊರಟಳು. ಕಾವಲುಗಾರ ಗದರಿದ. ಮನೆಗೆ ಬಂದು ಅಕ್ಕಿ ಡಬ್ಬಕ್ಕೆ ಅದೇ ದಾರ ಸುತ್ತಿ ಲೆಕ್ಕ ಕಲಿತಳು. ಮಧ್ಯಾಹ್ನ ಕ್ಷಮಾವಣಿ. ಹತ್ತು ದಿನದ ಪರ್ವ ಮುಗಿದ ಮೇಲೆ ನಾವೆಲ್ಲ ಒಬ್ಬರಿಗೊಬ್ಬರು ಕೈಮುಗಿದು, ವರ್ಷದ ತಪ್ಪೆಲ್ಲ ಒಂದೇ ಉಸಿರಿನಲ್ಲಿ ಕ್ಷಮಿಸಿ ಅಂದುಬಿಡುತ್ತೇವಲ್ಲ, ಅದು ನನಗೆ ಯಾವತ್ತೂ ಸರಿಕಂಡಿಲ್ಲ. ಆದ್ದರಿಂದ ಅದನ್ನೇ ಪಾಠ ಮಾಡಿದೆ. ಮಾಡಿದ ತಪ್ಪನ್ನು ಹೆಸರಿಟ್ಟು ಹೇಳಬೇಕು. ಕ್ಷಮೆ ಕೇಳಿದ ಮೇಲೆ ಆ ತಪ್ಪನ್ನು ಮತ್ತೆ ಮಾಡುವ ಹಾಗಿಲ್ಲ.

ಮೊದಲು ಅವರಪ್ಪನೇ ಸಿಕ್ಕಿಬಿದ್ದರು. ‘ಪುಟ್ಟಾ, ನಿಂಗೆ ಹೊತ್ತು ಮುಳುಗಿದ್ಮೇಲೆ ತಿನ್ನಬಾರ್ದು ಅಂತ ಹೇಳಿ, ನಾನು ಮಾತ್ರ ಬಸ್‌ಸ್ಟ್ಯಾಂಡಲ್ಲಿ ಬಜ್ಜಿ ತಿಂದು ಬರ್ತಿದ್ದೆ ಕಣೇ’ ಎಂದು ತಲೆ ಕೆರೆದುಕೊಂಡರು. ಗೆಡ್ಡೆ ತಿಂದಿದ್ದರೆ ಅದು ಇನ್ನೊಂದು ತಪ್ಪಲ್ಲವೇ, ಆಲೂಗಡ್ಡೆ ಬಜ್ಜಿಯೋ ಬಾಳೆಕಾಯಿ ಬಜ್ಜಿಯೋ ಎಂದು ಮಗಳು ವಿಚಾರಣೆ ನಡೆಸಿದಳು. ಅವಳು ಬರೆದ ಚಿತ್ರದ ಹಾಳೆಯಲ್ಲಿ ಕರಿಬೇವು ಕಟ್ಟಿಟ್ಟದ್ದಕ್ಕೆ ನಾನೂ ಕ್ಷಮೆ ಕೇಳಿದೆ. ಆಮೇಲೆ ಅವಳು ಪಕ್ಕದ ಮನೆಗೆ ಹೋಗಿ, ನಮಗೆ ಹಾಲು ಕೊಡುವ ರುದ್ರಮ್ಮನ ಮುಂದೆ ಕೈಮುಗಿದು ನಿಂತಳು.

‘ಇದೇನವ್ವಾ, ನನ್ ತಾವ ಏನ್ ತಪ್ಪು ಮಾಡಿದ್ದೀಯ?’

‘ಅವತ್ತು ಕರುವಿನ ಹಗ್ಗ ಬಿಚ್ಚಿದ್ದು ನಾನೇ ಅಜ್ಜಿ. ಹಾಲೆಲ್ಲ ಕುಡ್ಕೊಂಡ್‌ಬಿಡ್ತು.’

‘ಅಯ್ಯೋ ಶಿವನೇ! ಗಂಟು ಸರ್ಯಾಗಿ ಹಾಕಿಲ್ಲ ಅಂತ ನನ್ ಯಜಮಾನ್ರಿಗೆ ಒಂದು ವಾರ ಬೈದಿದ್ದೀನಲ್ಲೇ! ಈಗ ಅವರ ತಾವ ನಾನ್ ಹೋಗಿ ಕೇಳ್ಬೇಕು’ ಎಂದು ರುದ್ರಮ್ಮ ನಗುತ್ತಲೇ ಒಳಗೆ ಹೋದರು.

ಈಗ ಹೇಳು, ಇಂಥ ಪಾಠ ಯಾವ ಶಾಲೆಯಲ್ಲಿ ಸಿಗುತ್ತದೆ? ಅವಳು ನನ್ನ ಹತ್ತಿರ ಕ್ಷಮೆ ಕೇಳುವಷ್ಟರಲ್ಲಿ ಹೊತ್ತು ಇಳಿಯಿತು, ಊಟಕ್ಕೆ ಎದ್ದೆವು. ಆದ್ದರಿಂದ ನನ್ನ ಉತ್ತರ, ಈ ವರ್ಷವೂ ಇಲ್ಲ. ನಿನ್ನ ಗೆಳತಿಗೆ ಹಾಗೆಂದು ತಿಳಿಸು. ಮಗುವಿಗೆ ಏನು ಬೇಕೆಂದು ಹೆತ್ತವಳಿಗೆ ಗೊತ್ತಿರುತ್ತದೆ.

ಭಾವನವರಿಗೆ ನಮಸ್ಕಾರ, ನಿನ್ನ ಮಕ್ಕಳಿಬ್ಬರಿಗೂ ಈ ಚಿಕ್ಕಮ್ಮನ ಆಶೀರ್ವಾದ. ಮಾತಿನಲ್ಲಿ ನೋಯಿಸಿದ್ದರೆ ಮನಸ್ಸಿಗೆ ಹಚ್ಚಿಕೊಳ್ಳಬೇಡ.

ನಿನ್ನ ತಂಗಿ,
ಮಹಿಮಾ

ಬುಧವಾರ.

ಅಕ್ಕ, ಅಂಟಿಸಿದ್ದ ಕವರನ್ನು ಹರಿದು ಮತ್ತೆ ಬರೆಯುತ್ತಿದ್ದೇನೆ. ಮೇಲೆ ಒಂದು ಮಾತನ್ನು ಹಾರಿಸಿಬಿಟ್ಟಿದ್ದೆ. ಸೋಮವಾರ ಹೊತ್ತು ಇಳಿದದ್ದಲ್ಲ, ಅವಳು ನನ್ನ ಹತ್ತಿರ ಕ್ಷಮೆ ಕೇಳಲಿಲ್ಲ. ‘ಯಾಕೇ, ನಂಗೇನೂ ತಪ್ಪು ಮಾಡಿಲ್ವಾ?’ ಎಂದು ನಗುತ್ತಾ ಕೇಳಿದೆ. ‘ಮಾಡ್ತಿದೀನಿ ಅಮ್ಮಾ. ಕೇಳಿದ್ರೆ ಅದನ್ನ ನಿಲ್ಲಿಸ್ಬೇಕಲ್ಲ. ನಂಗಾಗಲ್ಲ’ ಎಂದು ತಟ್ಟೆ ನೋಡುತ್ತಾ ಕೂತಳು. ಬೆಲ್ಲ ಕದಿಯುತ್ತಾಳೇನೋ ಅಂದುಕೊಂಡೆ. ಆದರೂ ಮನಸ್ಸು ಕೇಳಲಿಲ್ಲ.

ಬೆಳಗಿನ ಪಾಠದ ನಡುವೆ ಅವಳು ದಿನಾ ಕರು ನೋಡಿ ಬರುತ್ತೇನೆಂದು ಓಡುತ್ತಾಳೆ. ಇವತ್ತು ಹಿಂದೆಯೇ ಹೋದೆ. ರುದ್ರಮ್ಮನ ಮನೆ ದಾಟಿ ಶಾಲೆಯ ಹಿಂದಿನ ಓಣಿಗೆ ಹೋದಳು. ಐದನೇ ಕ್ಲಾಸಿನ ಕಿಟಕಿ ಆ ಕಡೆಗಿದೆ. ಒಳಗೆ ಹಾಜರಿ ನಡೆಯುತ್ತಿತ್ತು. ನನ್ನ ಮಗಳು ಎರಡೂ ಜಡೆ ಮುಂದಕ್ಕೆ ಹಾಕಿಕೊಂಡು, ಕಾಂಪೌಂಡ್ ಗೋಡೆಗೆ ಮುಖ ಮಾಡಿ ನೆಟ್ಟಗೆ ನಿಂತಿದ್ದಳು. ಒಳಗೆ ಎಲ್ಲರ ಹೆಸರೂ ಮುಗಿದು ಸದ್ದಡಗಿದ ಮೇಲೆ, ‘ಪ್ರೆಸೆಂಟ್ ಮಿಸ್’ ಅಂದಳು. ಮೆಲ್ಲಗೆ, ಯಾರಿಗೂ ಕೇಳಿಸದ ಹಾಗೆ.

ನಾನು ಕಾಣಿಸಿಕೊಳ್ಳದೆ ಮನೆಗೆ ಬಂದುಬಿಟ್ಟೆ. ಅವಳು ಕುಣಿಯುತ್ತಾ ಬಂದಳು. ಅಷ್ಟು ಖುಷಿಯಾದ ಮುಖವನ್ನು ನಾನು ಪಾಠ ಹೇಳಿಕೊಟ್ಟ ಇಷ್ಟು ವರ್ಷದಲ್ಲಿ ಒಂದು ದಿನವೂ ನೋಡಿರಲಿಲ್ಲ.

ಇದು ಕೈಸೇರಿದ ತಕ್ಷಣ ನಿನ್ನ ಗೆಳತಿಗೆ ಫೋನ್ ಮಾಡು. ದಸರಾ ತನಕ ಕಾಯುವುದು ಬೇಡ. ನಾನೇ ಕೈಹಿಡಿದು ಕರೆದುಕೊಂಡು ಬರುತ್ತೇನೆಂದು ಹೇಳು.