ಬಾಗಿಲು ಅರ್ಧ ತೆರೆದ ಹಡಗು

ಬಲಸಮುದ್ರ, ಪಾವಗಡ ತಾಲ್ಲೂಕು
೧೧ ಫೆಬ್ರವರಿ ೨೦೨೫

ಚಿರಂಜೀವಿ ಅನಸೂಯಾಳಿಗೆ,

ಬಲಸಮುದ್ರದ ದೊಡ್ಡಮನೆಯ ಮಂಗಳಗೌರಮ್ಮ, ನಿನ್ನ ಅತ್ತೆ, ಬರೆಯುತ್ತಿದ್ದೇನೆ. ನನ್ನನ್ನು ಕೇಳದೆ ಈ ಹಟ್ಟಿಯಿಂದ ಒಂದು ಟಗರು ಸಂತೆಗೆ ಹೋಗುವುದಿಲ್ಲ, ಒಂದು ಹೆಣ್ಣು ನಿಶ್ಚಯವಾಗುವುದಿಲ್ಲ ಎಂಬುದು ನಿನಗೆ ಗೊತ್ತು. ಆದ್ದರಿಂದ ಒಂದು ಕಡೆ ಕೂತು ನಿಧಾನವಾಗಿ ಓದು. ಫೋನಿನಲ್ಲಿ ಹೇಳಬಹುದಿತ್ತು. ಆದರೆ ನಾನು ಫೋನ್ ಹಿಡಿದರೆ ನಿನ್ನ ಚಿಕ್ಕತ್ತೆ ಪುಟ್ಟಕ್ಕ ಪಕ್ಕಕ್ಕೆ ಬಂದು ಸ್ಪೀಕರ್ ಹಾಕು ಅನ್ನುತ್ತಾಳೆ.

ಆರೋಗ್ಯ ಹೇಗಿದೆ? ಚಳಿಗೆ ನಿನಗೆ ಎದೆ ಕಟ್ಟುತ್ತಿತ್ತು. ನಿನ್ನ ತವರಿನ ಕಡೆಯ ಸಿದ್ದರಬೆಟ್ಟದ ಗಾಳಿ ಒಳ್ಳೆಯದು ಎನ್ನುತ್ತಾರೆ, ಆದರೂ ಮುಂಜಾನೆ ತಲೆಗೆ ಬಟ್ಟೆ ಕಟ್ಟದೆ ಹೊರಗೆ ಬರಬೇಡ. ನಿನ್ನ ಕರಿ ಮೇಕೆ ಎರಡು ಮರಿ ಹಾಕಿದೆ. ನನ್ನ ಮಂಡಿ ನೋವು ಇದ್ದ ಹಾಗೇ ಇದೆ, ಅದನ್ನು ಕೇಳಬೇಡ. ನಿಮ್ಮಪ್ಪ ಜಯರಾಮಯ್ಯನವರು ನಿನ್ನನ್ನು ರಾಜಣ್ಣ ಎಂಬುವನಿಗೆ ಕೊಡಲು ಈ ಮನೆಯ ವೀಳ್ಯ ಕೇಳಿಕೊಂಡು ಎರಡು ಸಲ ಬಂದರು. ಸತ್ತ ಗಂಡನ ಮನೆಯ ಹಿರಿಯಳು ವೀಳ್ಯ ಕೊಡದೆ ಸೊಸೆ ಇನ್ನೊಂದು ಮನೆ ಸೇರುವಂತಿಲ್ಲ ಎಂಬುದು ನಮ್ಮವರ ಕಟ್ಟು. "ಅವಳು ಈ ಮನೆ ಸೊಸೆ. ನಾನಿರೋಗಂಟ ಆ ಮಾತು ಎತ್ಬೇಡ್ರಿ" ಎಂದು ಎರಡು ಸಲವೂ ಬರಿಗೈಲಿ ಕಳಿಸಿದೆ. ಅದಕ್ಕೆ ನಾನೇನೂ ಕ್ಷಮೆ ಕೇಳುತ್ತಿಲ್ಲ.

ಈಗ ಬೇರೆ ವಿಷಯ. ಅಂಜಿನಮೂರ್ತಿ ತೀರಿಕೊಂಡ ಮೇಲೆ ನೀನು ತವರಿಗೆ ಹೋಗುವಾಗ ಅವನ ಲ್ಯಾಪ್‌ಟಾಪ್ ಇಲ್ಲೇ ಬಿಟ್ಟೆ. ಮಗ ಮುಟ್ಟಿದ ವಸ್ತು ಎಂದು ದಿನಾ ಧೂಳು ಒರೆಸಿ ಇಡುತ್ತಿದ್ದೆ, ಅಷ್ಟೇ. ಒಂದು ಮಧ್ಯಾಹ್ನ, ಕುರಿಗಳ ಹಿಂದೆ ಎಲ್ಲರೂ ಹೋಗಿ ಹಟ್ಟಿ ಬಿಕೋ ಎನ್ನುತ್ತಿದ್ದಾಗ, ತೆರೆದೆ. ನೀವಿಬ್ಬರೂ ಬಾಗಿಲು ಮುಂದೆ ಮಾಡಿಕೊಂಡು ನೋಡಿ ನಗುತ್ತಿದ್ದ ಆ ಧಾರಾವಾಹಿ ಅದರಲ್ಲಿತ್ತು. ಹೈಸ್ಕೂಲಿನಲ್ಲಿ ಕಲಿತ ಇಂಗ್ಲಿಷಿಗೆ ತುಕ್ಕು ಹಿಡಿದಿದೆ. ಕೆಳಗೆ ಬರುವ ಅಕ್ಷರಗಳನ್ನು ನಿಲ್ಲಿಸಿ ನಿಲ್ಲಿಸಿ ಓದಿದೆ. ಟೋಪಿ ಹಾಕಿ ಸೊಂಟಕ್ಕೆ ಪಿಸ್ತೂಲು ಕಟ್ಟಿದ ಜನ ಕುದುರೆ ಮೇಲೆ ಧೂಳೆಬ್ಬಿಸಿಕೊಂಡು ಬರುತ್ತಾರೆ, ಬಂದು ಹತ್ತುವುದು ಆಕಾಶದಲ್ಲಿ ಹಾರುವ ತಗಡಿನ ಹಡಗನ್ನು! ದನಗಳನ್ನೂ ತುಂಬಿಕೊಂಡು ಚುಕ್ಕಿಯಿಂದ ಚುಕ್ಕಿಗೆ ವ್ಯಾಪಾರಕ್ಕೆ ಹೋಗುತ್ತಾರೆ. ಪುಟ್ಟಕ್ಕ ಒಮ್ಮೆ ಇಣುಕಿದವಳು, "ಅಯ್ಯೋ ದೇವುಡಾ, ದನಾನೂ ವಿಮಾನ ಹತ್ತಿಸ್ತಾವ್ರಲ್ಲಕ್ಕೋ! ಸಗಣಿ ಎಲ್ಲಿಗೆ ಎಸೀತಾರೆ?" ಎಂದಳು.

ಸುಳ್ಳಿನ ಕಂತೆ ಎಂದು ಮುಚ್ಚಲು ಹೋದೆ. ಕಣ್ಣೆತ್ತಿದರೆ ನಮ್ಮ ಬಾಗಿಲಾಚೆಯೂ ಅದೇ. ಕಣ್ಣು ಹಾಯುವವರೆಗೂ ಸೋಲಾರ್ ಗಾಜು, ಅದರ ಬೇಲಿ ಪಕ್ಕದಲ್ಲಿ ಕಂಬಳಿ ಹೊದ್ದು ಕುರಿ ಹೊಡೆದುಕೊಂಡು ಬರುತ್ತಿರುವ ನಿನ್ನ ಚಿಕ್ಕಮಾವ ಮಾರಣ್ಣ. ಅಂಜಿ ಆ ಗಾಜು ತೊಳೆಸುವ ಕೆಲಸ ಮುಗಿಸಿ ಬಂದು, "ಇದು ನಮ್ಮೂರ್ ಕಥೆನೇ ಕಣಮ್ಮ, ಬಾ ಕೂತ್ಕೋ" ಎಂದು ಕರೆಯುತ್ತಿದ್ದ. ಸೊಸೆಯ ಪಕ್ಕ ಕೂತು ಕುದುರೆ ನೋಡುವವಳಲ್ಲ ನಾನು, ಹೋಗಲಿಲ್ಲ. ಈಗ ಒಬ್ಬಳೇ ನೋಡುತ್ತೇನೆ.

ನನಗೆ ಹಿಡಿಸಿದ್ದು ಪಿಸ್ತೂಲಲ್ಲ, ಅವರ ಊಟದ ಮೇಜು. ಯಾರಿಗೂ ಯಾರೂ ರಕ್ತಸಂಬಂಧಿಯಲ್ಲ. ಹಗಲೆಲ್ಲ ಕಿತ್ತಾಡಿ, ಉಣ್ಣುವ ಹೊತ್ತಿಗೆ ಒಂದೇ ಪಾತ್ರೆಯಿಂದ ಬಡಿಸಿಕೊಳ್ಳುತ್ತಾರೆ. ಇಲ್ಲಿ ಮೊದಲು ನನಗೊಬ್ಬಳಿಗೆ ಬಡಿಸುತ್ತಾರೆ. ನಾನು ಕೈ ತೊಳೆದ ಮೇಲೆ ಉಳಿದವರು ಕೂರುತ್ತಾರೆ, ಆಮೇಲೆ ಅಡುಗೆಮನೆಯಿಂದ ಅವರ ನಗು ಕೇಳಿಸುತ್ತದೆ. ದೊಡ್ಡವಳಿಗೆ ಸಲ್ಲುವ ಮರ್ಯಾದೆ ಅದು, ನಾನೇ ಮಾಡಿದ ಕಟ್ಟಳೆ.

ಕೊನೆಯ ಕಂತಿನಲ್ಲಿ ಹಡಗು ಒಂದು ಕೆಂಪು ನೆಲಕ್ಕೆ ಇಳಿಯುತ್ತದೆ. ಇಂಜಿನ್ ರಿಪೇರಿ ಮಾಡುವ ಹುಡುಗಿ ಬಟ್ಟೆಗಂಟು ಹಿಡಿದು ಬಾಗಿಲಲ್ಲಿ ನಿಂತಿದ್ದಾಳೆ. ಇಳಿದು ಆ ಊರಲ್ಲಿ ಬದುಕು ಮಾಡಬೇಕು ಎಂದು ಅವಳ ಆಸೆ. ಹಡಗಿನ ನಾಯಕ ಹೂಂ ಅನ್ನುವುದಿಲ್ಲ, ಊಹೂಂ ಅನ್ನುವುದಿಲ್ಲ. ಬಾಗಿಲು ಅರ್ಧ ತೆರೆಯುತ್ತದೆ. ಅಷ್ಟಕ್ಕೇ ನಿಂತುಹೋಯಿತು. ಕೆಟ್ಟಿರಬೇಕೆಂದು ಪಾವಗಡದ ಮೊಬೈಲ್ ಅಂಗಡಿಯ ರಂಗೇಶನ ಹತ್ತಿರ ಹೊತ್ತುಕೊಂಡು ಹೋದೆ. "ಕೆಟ್ಟಿಲ್ಲ ಕಣಜ್ಜಿ, ಇರೋದೇ ಇಷ್ಟು. ಜನ ನೋಡ್ಲಿಲ್ಲ ಅಂತ ನಿಲ್ಲಿಸ್ಬುಟ್ರು. ನಿಲ್ಲಿಸಿದ್ಮ್ಯಾಲೆ ಎಲ್ರಿಗೂ ಹುಚ್ಚು ಹಿಡೀತು. ಮುಂದಿನ ಕಥೇನ ಅವರವರೇ ಕಟ್ಕೊಂತಾರೆ" ಎಂದ. ಜನರನ್ನು ದಾರಿ ಮಧ್ಯೆ ನಿಲ್ಲಿಸಿ ಹೋಗಲು ಅವರಿಗೆ ಹೇಗೆ ಮನಸ್ಸು ಬಂತೋ!

ನಾನೂ ಕಟ್ಟಿದೆ. ನಾಯಕನಿಂದ ಬಾಗಿಲು ಹಾಕಿಸಿದೆ, ಹುಡುಗಿಯ ಗಂಟು ಬಿಚ್ಚಿಸಿದೆ, ಎಲ್ಲರನ್ನೂ ಮೇಜಿಗೆ ಕೂರಿಸಿದೆ. ಕಡಲೆಕಾಯಿ ಬಿಡಿಸುತ್ತಾ ಪುಟ್ಟಕ್ಕನಿಗೆ ಹೇಳಿದರೆ ಅವಳು ನಕ್ಕಳು. "ಅದ್ಯಾಕಕ್ಕ ಆ ಮಗೀನ ಒಳಗಾಕಿ ಅಗುಳಿ ಜಡೀತೀಯ? ಅಳ್ತಾ ಕುಂತೋಳಿಗೆ ಅನ್ನ ಇಳೀತದಾ? ಹೋಗ್ಲಿ ಬುಡು, ಹಬ್ಬಕ್ಕೆ ಬತ್ತಾಳೆ." ಹಡಗಿನ ಹುಡುಗಿಯ ಬಗ್ಗೆ ಮಾತ್ರ ಹೇಳಿದಳೋ, ಇನ್ನಾರ ಬಗ್ಗೆಯೋ, ನಾನು ವಿಚಾರಿಸಲಿಲ್ಲ. ಕಡಲೆಕಾಯಿಯ ಮೊರ ಅವಳ ಕಡೆ ತಳ್ಳಿ ಎದ್ದು ಹೋದೆ.

ಅಂಜಿ ಮುಂದಿನ ಕಂತುಗಳನ್ನು ತಾನೇ ಕಟ್ಟಿ ನಿನಗೆ ಹೇಳುತ್ತಿದ್ದನೆಂದು ಒಮ್ಮೆ ನೀನೇ ಅಂದಿದ್ದೆ. ಅವನು ಆ ಹುಡುಗಿಯನ್ನು ಇಳಿಸಿದನೇ? ನನ್ನ ಮಗನ ಆ ಮಾತು ಈಗ ನಿನ್ನೊಬ್ಬಳ ಬಳಿ ಇದೆ. ಫೋನಿನಲ್ಲಿ ಹೇಳಬೇಡ. ಬಂದು, ಎದುರಿಗೆ ಕೂತು ಹೇಳು.

ನಿಮ್ಮಪ್ಪ, ಅಮ್ಮನಿಗೆ ನನ್ನ ನಮಸ್ಕಾರ ತಿಳಿಸು. ಹೊತ್ತಿಗೆ ಸರಿಯಾಗಿ ಉಂಡು, ಬೆಚ್ಚಗೆ ಬಾಳು ಎಂದು ಹರಸುವ,

ನಿನ್ನ ಅತ್ತೆ,
ದೊಡ್ಡಮನೆ ಮಂಗಳಗೌರಮ್ಮ

ಮರೆತಿದ್ದೆ: ಯುಗಾದಿಗೆ ಬಾ, ಒಬ್ಬಳೇ ಬರಬೇಡ, ಆ ರಾಜಣ್ಣನನ್ನೂ ಕರೆದುಕೊಂಡು ಬಾ. ಎಲ್ಲರ ಎಲೆಯನ್ನೂ ನನ್ನ ಎಲೆಯ ಪಕ್ಕದಲ್ಲೇ ಹಾಕಲು ಪುಟ್ಟಕ್ಕನಿಗೆ ಹೇಳಿದ್ದೇನೆ. ವೀಳ್ಯ, ಅದರ ಜೊತೆ ಒಂದು ಹಸಿರು ಸೀರೆ, ಬೆಳಗ್ಗೆಯೇ ಮಾರಣ್ಣನ ಕೈಯಲ್ಲಿ ಮಧುಗಿರಿ ಬಸ್ಸಿಗೆ ಹೋದವು. ಈ ಪತ್ರ ಬರುವಷ್ಟರಲ್ಲಿ ನಿಮ್ಮಪ್ಪನ ಕೈ ಸೇರಿರುತ್ತವೆ. ವಾಪಸು ತರಕೂಡದು ಎಂದು ಹೇಳಿಯೇ ಕಳಿಸಿದ್ದೇನೆ.